ನೆಲದಡಿಯಿಂದ ನಾಗೊಂದಿಗೆಗೆ

ಹಿರಿಯೂರಿಗೆ ಸಮೀಪದಲ್ಲಿ ಹೆದ್ದಾರಿಯ ಬದಿಗಿರುವ ಆದಿವಾಲದಲ್ಲಾಗಲಿ, ವೇದಾವತಿ ನದಿಯ ಬಯಲಿನ ಉಳಿದ ಹಳ್ಳಿಗಳಲ್ಲಾಗಲಿ, ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ತಾರಸಿಯ ಮನೆಗಳನ್ನು ಎಬ್ಬಿಸುತ್ತಿರುವ ಈ ಕಾಲದಲ್ಲಿಯೂ, ಅಡುಗೆಮನೆಯ ಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಬಾಗಿಲಿಲ್ಲದ ಒಂದು ಹಲಗೆಯನ್ನೋ ಕಲ್ಲನ್ನೋ ಕೂರಿಸಿ ಪಾತ್ರೆಪದಾರ್ಥಗಳನ್ನು ಅದರ ಮೇಲೆ ಸಾಲಾಗಿ ಇರಿಸುವ ಪದ್ಧತಿಯನ್ನು ಜನರು ಕೈಬಿಟ್ಟಿಲ್ಲ. ನಮ್ಮವರು ನಾಗೊಂದಿಗೆ ಎಂದು ಕರೆಯುವ ಈ ಹಲಗೆ ಅನಾದಿಕಾಲದಿಂದಲೂ ಅಡುಗೆಮನೆಯ ಪ್ರಧಾನ ಉಗ್ರಾಣವಾಗಿತ್ತೆಂದು ಭಾವಿಸುವುದು ಸಹಜವೇ ಆದರೂ, ಈ ಸೀಮೆಯ ಮಟ್ಟಿಗೆ ಅದು ನಿಜವಲ್ಲ. ಇಲ್ಲಿಯ ಮನೆಗಳ ಸಂಗ್ರಹ ಮೊದಲು ಇದ್ದದ್ದು ನೆಲದೊಳಗೆ. ಅಲ್ಲಿಂದ ಅದು ನೆಲದ ಮೇಲಕ್ಕೆ ಬಂದು, ತರುವಾಯ ಬಹಳ ನಿಧಾನವಾಗಿ ಗೋಡೆಯನ್ನೇರಿತು. ಹೀಗೆ ಏರಿದ್ದಕ್ಕೆ ಬರಗಾಲ, ಮಾಳಿಗೆಯ ಮಣ್ಣು, ಮಡಕೆಯ ತಳ, ಸೀಮೆಎಣ್ಣೆಯ ಡಬ್ಬ ಮುಂತಾಗಿ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರತಕ್ಕ ಅನೇಕ ಕಾರಣಗಳು ಕೂಡಿಬಂದಿವೆ.

ಚಿತ್ರದುರ್ಗ ಸೀಮೆ ಮಳೆಯ ಮರೆಯಲ್ಲಿರುವ ನಾಡು. ಪಶ್ಚಿಮಘಟ್ಟವನ್ನು ದಾಟಿ ಬರುವ ಮೋಡಗಳು ಹೊಳಲ್ಕೆರೆ, ಹೊಸದುರ್ಗಗಳ ಪಶ್ಚಿಮದಂಚಿನಲ್ಲಿ ಅಷ್ಟಿಷ್ಟು ಸುರಿಸಿ ಹಿರಿಯೂರಿಗೆ ಬರುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಇಂತಹ ನಾಡಿನಲ್ಲಿ ಒಂದು ವರ್ಷ ಕೈತುಂಬ ರಾಗಿಯಾದರೆ ಅದನ್ನು ಮುಂದಿನ ಎರಡು ಮೂರು ವರ್ಷಗಳ ಕಷ್ಟಕ್ಕಾಗಿ ಕಾಯ್ದಿರಿಸುವುದು ಸಂಸಾರಿಯಾದವನ ಮೊದಲ ಕರ್ತವ್ಯವಾಗಿತ್ತು. ಅದಕ್ಕಾಗಿ ಏರ್ಪಟ್ಟದ್ದೇ ಹಗೇವು. ನೀರು ನಿಲ್ಲದ ಗಟ್ಟಿ ಗರಸುನೆಲವನ್ನು ಆರಿಸಿ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಕಿರಿದಾಗಿಯೂ ಒಳಗೆ ಹೋದಂತೆ ಹೊಟ್ಟೆ ವಿಶಾಲವಾಗಿಯೂ ಇರುವಂತೆ ತೋಡಿ, ಅಡಿಯಲ್ಲಿಯೂ ಸುತ್ತಲೂ ಹುಲ್ಲನ್ನು ಒತ್ತಿ, ನಡುವೆ ರಾಗಿಯನ್ನು ಸುರಿದು, ಮೇಲೆ ಪುನಃ ಹುಲ್ಲು ಹರಡಿ, ಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತಿದರೆ, ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸಿದ ಮೇಲೆ ಹುಳುವಿಗೆ ಅಲ್ಲಿ ಬದುಕುವುದಕ್ಕೆ ಆಸ್ಪದವಿರುತ್ತಿರಲಿಲ್ಲ. ಆ ಕಾರಣದಿಂದಲೇ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯಕೂಡದೆಂಬ ಕಟ್ಟುಪಾಡಿತ್ತು. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದನು. 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ ಹಿರಿಯೂರು, ಚಿತ್ರದುರ್ಗಗಳನ್ನೂ ಕಂಡುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ರಾಗಿಯನ್ನು ಹೀಗೆ ನೆಲದೊಳಗೆ ಶೇಖರಿಸುವ ಪದ್ಧತಿಯನ್ನು ವಿವರಿಸಿದ್ದಾನೆ. ಮನೆವಾರ್ತೆಯಲ್ಲಿ ಇದ್ದ ಈ ವಿವೇಕವೇ ರಾಜಕಾರ್ಯದಲ್ಲಿಯೂ ಇತ್ತೆಂಬುದಕ್ಕೆ ದುರ್ಗದ ಕೋಟೆಯಲ್ಲಿರುವ ಕಣಜಗಳೂ ಎಣ್ಣೆಯ ಕೊಳ, ತುಪ್ಪದ ಕೊಳಗಳೂ ಸಾಕ್ಷಿಯಾಗಿವೆ. 1779ರಲ್ಲಿ ಕೊನೆಯ ಪಾಳೆಯಗಾರ ಮದಕರಿನಾಯಕನ ಕೈಯಿಂದ ಕೋಟೆ ಹೈದರಾಲಿಯ ವಶವಾಗುವವರೆಗೆ ಅದು ಹಲವು ಮುತ್ತಿಗೆಗಳನ್ನು ತಡೆದುಕೊಂಡು ನಿಂತದ್ದು ಕಲ್ಲಿನ ಬಲದಿಂದ ಮಾತ್ರವಲ್ಲ, ಕಾಳಿನ ಬಲದಿಂದ ಕೂಡ.

ಸಂಗ್ರಹವೆಂಬುದು ಪ್ರಾಣದ ಪ್ರಶ್ನೆಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ. 1876ರಿಂದ 78ರವರೆಗೆ ಕವಿದ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷಕ್ಕೂ ಮಿಕ್ಕು ಇದ್ದದ್ದು 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಅಂತಹ ವರ್ಷಗಳನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಮುಂದೆ ಬಹುಕಾಲದವರೆಗೆ, ಅಂಗಡಿಯಲ್ಲಿ ಧಾನ್ಯ ದೊರೆಯುವಂತಾದ ಮೇಲೆಯೂ, ಮನೆಯಲ್ಲಿ ಒಂದು ಗುಡಾಣವಾದರೂ ತುಂಬಿರದಿದ್ದರೆ ನೆಮ್ಮದಿಯಾಗಿ ಮಲಗುತ್ತಿರಲಿಲ್ಲ; ಅದನ್ನು ಜಿಪುಣತನವೆಂದು ಎಣಿಸುವುದು ಅನ್ಯಾಯ.

ಹಗೇವು ವರ್ಷಗಟ್ಟಲೆಯ ಸಂಗ್ರಹವಾದರೆ, ದಿನನಿತ್ಯದ ಬಳಕೆಗೆ ನೆಲದ ಮೇಲಿನ ವ್ಯವಸ್ಥೆ ಬೇರೆ ಇತ್ತು. ಮಣ್ಣಿನಿಂದ ಮಾಡಿದ ಆಳೆತ್ತರದ ವಾಡೆ, ಬಿದಿರಿನಿಂದ ಹೆಣೆದು ಸಗಣಿ ಸಾರಿಸಿದ ಕಣಜ, ಗುಡಾಣ, ಹರವಿ — ಇವು ಅಡುಗೆಮನೆಯ ಪಕ್ಕದ ಕತ್ತಲೆಕೋಣೆಯಲ್ಲಿ ಕುಳಿತಿರುತ್ತಿದ್ದವು. ವಾಡೆಯ ಬುಡದಲ್ಲಿ ಒಂದು ಸಣ್ಣ ಕಂಡಿಯಿದ್ದು ಅದಕ್ಕೆ ಬಟ್ಟೆಯ ಬಿರಡೆಯನ್ನು ತುರುಕಿರುತ್ತಿದ್ದರು; ಅದನ್ನು ಕಿತ್ತಾಗ ಬೇಕಾದಷ್ಟು ಕಾಳು ತಾನಾಗಿ ಇಳಿಯುತ್ತಿತ್ತು. ಅಡುಗೆಯವಳು ಬಗ್ಗಬೇಕಾಗಿತ್ತೇ ಹೊರತು ಏರಬೇಕಾಗಿರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಬೇಳೆ, ಹುರುಳಿ, ಹುಣಸೆಹಣ್ಣು, ಉಪ್ಪು, ಒಣಮೆಣಸಿನಕಾಯಿಗಳಿಗೆ ಅಡಕಲು ಗಡಿಗೆಗಳಿದ್ದವು. ಕೆಳಗೆ ದೊಡ್ಡದು, ಅದರ ಬಾಯಿಯ ಮೇಲೆ ಸ್ವಲ್ಪ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂಬ ಕ್ರಮದಲ್ಲಿ ಐದಾರು ಗಡಿಗೆಗಳನ್ನು ಒಂದರ ಮೇಲೊಂದು ಏರಿಸಿದಾಗ ಪ್ರತಿಯೊಂದು ಗಡಿಗೆಯೂ ತನ್ನ ಕೆಳಗಿನದಕ್ಕೆ ಮುಚ್ಚಳವಾಗುತ್ತಿತ್ತು. ಸಾಲಿನ ಯಾವುದೋ ಒಂದು ಗಡಿಗೆಯ ತಳದಲ್ಲಿ, ಮನೆಯ ಗಂಡಸರಿಗೆ ತಿಳಿಯದಂತೆ, ಹೆಂಗಸರ ಕೈಗಂಟು ಅವಿತಿರುತ್ತಿದ್ದದ್ದು ಎಲ್ಲರೂ ಬಲ್ಲ ಸಂಗತಿ. ಎಷ್ಟೋ ಕುಟುಂಬಗಳು ಕಷ್ಟಕಾಲವನ್ನು ದಾಟಿದ್ದು ಆ ಗಂಟಿನಿಂದ.

ಹಲಗೆ ಅಷ್ಟೊಂದು ಸರಳವಾದ ವಸ್ತುವಾಗಿರುವಾಗ ಅದು ಆ ಕಾಲದಲ್ಲಿಯೇ ಅಡುಗೆಮನೆಯನ್ನು ಆಕ್ರಮಿಸಲಿಲ್ಲವೇಕೆ? ಇದಕ್ಕೆ ಉತ್ತರ ಮಡಕೆಯ ತಳದಲ್ಲಿದೆ. ಕುಂಬಾರನು ತಿಗುರಿಯಿಂದ ಇಳಿಸಿ ಹಲಗೆಯಿಂದ ತಟ್ಟಿ ತೆಳುವಾಗಿಸಿದ ಮಡಕೆಯ ತಳ ದುಂಡಾಗಿರುತ್ತದೆ. ಮೂರು ಗುಂಡಿನ ಒಲೆಯ ಮೇಲೆ ಅದು ಅಲುಗದೆ ಕೂರುವುದಕ್ಕೂ, ಬೆಂಕಿಯ ಕಾವು ಎಲ್ಲ ಕಡೆಗೂ ಸಮನಾಗಿ ಹರಿಯುವುದಕ್ಕೂ, ಮೂಲೆಯಿಲ್ಲದ ಕಾರಣ ಬಿರುಕು ಬಿಡದಿರುವುದಕ್ಕೂ ಆ ದುಂಡುತನವೇ ಬೇಕು. ಆದರೆ ಅದೇ ಮಡಕೆ ಸಮತಟ್ಟಾದ ಹಲಗೆಯ ಮೇಲೆ ನಿಲ್ಲದು. ಈ ತೊಂದರೆ ಬಹು ಪ್ರಾಚೀನವಾದದ್ದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿಯೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನಗಳಿಂದ ಈ ಜಿಲ್ಲೆಯ ಕುಂಭಕಲೆಯ ಪ್ರಾಚೀನತೆ ಲೋಕಕ್ಕೆ ಸ್ಪಷ್ಟವಾಯಿತಷ್ಟೆ. ದಕ್ಷಿಣದ ಬೃಹತ್ ಶಿಲಾಸಂಸ್ಕೃತಿಯ ನೆಲೆಗಳಲ್ಲಿ ಕಪ್ಪು–ಕೆಂಪು ಮಡಕೆಗಳೊಡನೆ, ಅವುಗಳನ್ನು ನಿಲ್ಲಿಸುವುದಕ್ಕಾಗಿಯೇ ಮಾಡಿದ ಬಳೆಯಾಕಾರದ ಮಣ್ಣಿನ ಪೀಠಗಳೂ ದೊರೆಯುತ್ತವೆ. ನಮ್ಮ ಹೆಂಗಸರು ಹುಲ್ಲಿನಿಂದಲೋ ಹಳೆಯ ಬಟ್ಟೆಯಿಂದಲೋ ಸುತ್ತಿಕೊಳ್ಳುವ ಸಿಂಬೆ ಆ ಪೀಠದ ಕೆಲಸವನ್ನೇ ಮಾಡುತ್ತದೆ. ಮೇಲಕ್ಕೆ ಏರಿಸಲೇಬೇಕಾದ ಮಡಕೆಗೆ ಇದ್ದ ಉಪಾಯ ನೆಲವು. ಹಿರಿಯೂರು ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ, ಹಾಲು ಮೊಸರುಗಳೇ ಸಂಪತ್ತಾಗಿದ್ದ ಕಾಡುಗೊಲ್ಲರ ಗುಡಿಸಲುಗಳಲ್ಲಿ, ಜಂತೆಯಿಂದ ಇಳಿಬಿಟ್ಟ ಹಗ್ಗದ ನೆಲವಿನಲ್ಲಿ ಹಾಲಿನ ಗಡಿಗೆ, ಮೊಸರಿನ ಗಡಿಗೆ, ಬೆಣ್ಣೆಯ ಗಡಿಗೆಗಳು ತೂಗಿರುತ್ತಿದ್ದವು. ಬೆಕ್ಕಿಗೂ ಇಲಿಗೂ ಇರುವೆಗೂ ನಿಲುಕದ ಆ ವ್ಯವಸ್ಥೆ ದುಂಡುತಳದ ಪಾತ್ರೆಗೆ ಎಲ್ಲ ರೀತಿಯಿಂದಲೂ ಅನುರೂಪವಾಗಿತ್ತು.

ಹಾಗೆಂದು ನಾಗೊಂದಿಗೆ ಹಿಂದೆ ಇರಲೇ ಇಲ್ಲವೆಂದಲ್ಲ. ಇತ್ತು, ಆದರೆ ಅಪ್ರಧಾನವಾಗಿತ್ತು. ಅದರ ಹುಟ್ಟನ್ನು ತಿಳಿಯಬೇಕಾದರೆ ಇಲ್ಲಿಯ ಮನೆಯ ಮೇಲ್ಛಾವಣಿಯನ್ನು ನೋಡಬೇಕು. ಹೊಳಲ್ಕೆರೆ, ಹೊಸದುರ್ಗಗಳ ಮಲೆನಾಡಿನ ಕಡೆಯ ಮಗ್ಗುಲಿನಲ್ಲಿ ಇಳಿಜಾರಿನ ಹೆಂಚಿನ ಮನೆಗಳಿದ್ದು, ಮಾಡಿನ ಅಡಿಯಲ್ಲಿ ಸಹಜವಾಗಿ ದೊರೆಯುವ ತ್ರಿಕೋಣಾವಕಾಶದಲ್ಲಿ ಅಡಿಕೆಯ ದಬ್ಬೆಗಳನ್ನು ಹಾಸಿ ಅಟ್ಟವನ್ನು ಮಾಡಿಕೊಳ್ಳಬಹುದಾಗಿತ್ತು. ಹಿರಿಯೂರಿನ ಬಯಲಿನಲ್ಲಿ ಅದಕ್ಕೆ ಎಡೆಯಿಲ್ಲ. ಇಲ್ಲಿಯದು ಮಾಳಿಗೆ: ತೊಲೆಗಳ ಮೇಲೆ ಜಂತೆಗಳು, ಜಂತೆಗಳ ಮೇಲೆ ಹಲಗೆಯೋ ಕಡ್ಡಿಯೋ ಸೊಪ್ಪೋ, ಅದರ ಮೇಲೆ ದಪ್ಪನಾಗಿ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಒಳಗೆ ಬಿಡದ ಕರಲುಮಣ್ಣಿನ ಹೊದಿಕೆ. ಬಿಸಿಲಿಗೆ ತಂಪಾಗಿಯೂ ಚಳಿಗೆ ಬೆಚ್ಚಗೂ ಇರುವ ಈ ಛಾವಣಿ ಸಪಾಟಾದ್ದರಿಂದ ಅದರ ಅಡಿಯಲ್ಲಿ ಅಟ್ಟಕ್ಕೆ ಸ್ಥಳವಿಲ್ಲ. ಆದಕಾರಣ ಮೇಲಣ ಅವಕಾಶವನ್ನು ಉಪಯೋಗಿಸಿಕೊಳ್ಳಬೇಕೆಂದವರಿಗೆ ಉಳಿದ ದಾರಿ ಗೋಡೆಯೊಂದೇ. ಎರಡಡಿಗೂ ಮಿಗಿಲಾದ ದಪ್ಪದ ಆ ಮಣ್ಣಿನ ಗೋಡೆಯಲ್ಲಿ ಕೆಳಗೆ ದೀಪಕ್ಕೂ ಉಪ್ಪಿನ ಮರಿಗೆಗೂ ಗೂಡುಗಳನ್ನು ಬಿಡುತ್ತಿದ್ದರು. ಮೇಲೆ ಜಂತೆಗಿಂತ ಒಂದೆರಡು ಅಡಿ ಕೆಳಗೆ ಬೇವಿನದೋ ಜಾಲಿಯದೋ ಗಟ್ಟಿ ಗೂಟಗಳನ್ನು ಹುದುಗಿಸಿ ಅವುಗಳ ಮೇಲೆ ಹಲಗೆಯನ್ನು ಹಾಸುತ್ತಿದ್ದರು.

ಈ ಗೂಟಗಳ ವಿಷಯದಲ್ಲಿ ನಮ್ಮ ಬಡಗಿಗಳೂ ಗೋಡೆ ಕಟ್ಟುವವರೂ ತೋರಿದ ಜಾಣ್ಮೆಯನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ. ಮಣ್ಣಿನ ಗೋಡೆಗೆ ತರುವಾಯ ಮೊಳೆ ಬಡಿದರೆ ಅದು ಉದುರುತ್ತದೆಯೇ ಹೊರತು ಭಾರವನ್ನು ಹೊರಲಾರದು. ಆದುದರಿಂದ ಗೋಡೆ ಏಳುತ್ತಿರುವಾಗಲೇ ಗೂಟದ ಬಾಲವನ್ನು ಗೋಡೆಯ ದಪ್ಪದ ಬಹುಭಾಗದಷ್ಟು ಒಳಗೆ ತೂರಿಸಿ, ಅದರ ಮೇಲೆ ಉಳಿದ ವರಸೆಗಳನ್ನು ಹಾಕಿ, ಮಾಳಿಗೆಯ ಭಾರವೆಲ್ಲವೂ ಆ ಬಾಲವನ್ನು ಅದುಮಿ ಹಿಡಿಯುವಂತೆ ಮಾಡುತ್ತಿದ್ದರು. ಹೊರಗೆ ಚಾಚಿದ ತುದಿಯ ಮೇಲೆ ಎಷ್ಟು ಪಾತ್ರೆಗಳಿದ್ದರೂ ಒಳಗಿನ ಬಾಲದ ಮೇಲಿರುವ ಭಾರ ಅದಕ್ಕಿಂತ ಬಹುಪಟ್ಟು ಹೆಚ್ಚಾಗಿರುವುದರಿಂದ ಹಲಗೆ ಜಗ್ಗುತ್ತಿರಲಿಲ್ಲ. ಅಂದರೆ ನಾಗೊಂದಿಗೆ ಬೇಕೋ ಬೇಡವೋ, ಯಾವ ಎತ್ತರದಲ್ಲಿ, ಎಷ್ಟು ಉದ್ದಕ್ಕೆ ಎಂಬುದೆಲ್ಲವೂ ಮನೆಯ ಗೋಡೆ ಮುಗಿಯುವ ಮುನ್ನವೇ ನಿಶ್ಚಯವಾಗಬೇಕಾಗಿತ್ತು. ಬೇವಿನ ಮರವನ್ನು ಆರಿಸುತ್ತಿದ್ದದ್ದು ಗೆದ್ದಲಿನ ಭಯದಿಂದ.

ಆ ಎತ್ತರದ ಹಲಗೆಯ ಮೇಲೆ ಇರಿಸುತ್ತಿದ್ದದ್ದು ಪ್ರಾಯಶಃ ನಿತ್ಯದ ಪದಾರ್ಥಗಳಲ್ಲ. ಬಿತ್ತನೆಗಾಗಿ ಆರಿಸಿದ ಜೋಳದ ತೆನೆ, ಹೀರೆ ಸೋರೆಗಳ ಬೀಜ, ಬೂದಿಯಲ್ಲಿ ಹೊರಳಿಸಿದ ಅವರೆಯ ಬೀಜ, ಹಪ್ಪಳ ಸಂಡಿಗೆಗಳು, ವರ್ಷಕ್ಕೊಮ್ಮೆ ಹಾಕಿದ ಉಪ್ಪಿನಕಾಯಿಯ ಜಾಡಿ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆಗಳು. ಸೌದೆಯೊಲೆಯ ಹೊಗೆ ಬೆಳಕಿಂಡಿಯನ್ನು ಹುಡುಕಿಕೊಂಡು ಹೊರಹೋಗುವ ಮುನ್ನ ಮಾಳಿಗೆಯ ಅಡಿಯಲ್ಲಿ ಬಹುಹೊತ್ತು ತಂಗಿರುತ್ತಿದ್ದ ಕಾರಣ ಅಲ್ಲಿ ಸದಾ ಒಣಗಾಳಿಯಿದ್ದು, ಹುಳುವಾಗಲಿ ಬೂಷ್ಟಾಗಲಿ ಸುಳಿಯುತ್ತಿರಲಿಲ್ಲ. ಬೀಜಕ್ಕೆ ಅದು ಉತ್ತಮ ಸ್ಥಾನ. ಇಲ್ಲಣ ಜೋತುಬಿದ್ದು ಹಲಗೆ ಮಸಿಯಾಗುತ್ತಿತ್ತೆಂಬುದೂ, ಅದೇ ಹೊಗೆ ಅಡುಗೆಯವಳ ಕಣ್ಣನ್ನೂ ಎದೆಯನ್ನೂ ಸುಡುತ್ತಿತ್ತೆಂಬುದೂ ನಿಜ. ಬೀಜವನ್ನು ಕಾಪಾಡಿದ ಹೊಗೆಗೆ ನಾವು ತೆತ್ತ ಬೆಲೆ ಅಲ್ಪವಾದದ್ದಲ್ಲ. ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಮೇಲಿನದೆಲ್ಲವನ್ನೂ ಇಳಿಸಿ, ಹಿತ್ತಾಳೆಯನ್ನು ಹುಣಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕಿ, ಹಲಗೆಯನ್ನು ತೊಳೆದು ಪುನಃ ಏರಿಸುವುದು ಮನೆಯ ಹೆಣ್ಣುಮಕ್ಕಳೆಲ್ಲರೂ ಕೂಡಿ ಮಾಡುವ ಕೆಲಸವಾಗಿತ್ತು.

ಇನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಒಬ್ಬ ಅತಿಥಿಯ ವಿಚಾರ. ದೂರದೇಶಗಳಿಂದ ಹಡಗಿನಲ್ಲಿ ಬಂದ ಸೀಮೆಎಣ್ಣೆ ನಾಲ್ಕು ಗ್ಯಾಲನ್ನಿನ ಚೌಕಾಕಾರದ ತಗಡಿನ ಡಬ್ಬಗಳಲ್ಲಿ, ಎರಡೆರಡು ಡಬ್ಬಗಳಿಗೆ ಒಂದೊಂದು ಮರದ ಪೆಟ್ಟಿಗೆಯಂತೆ, ಬಂಡಿಗಳ ಮೇಲೆ ನಮ್ಮ ಸಂತೆಗಳಿಗೆ ಬಂದಿತು. ಎಣ್ಣೆ ಉರಿದುಹೋಯಿತು, ಡಬ್ಬವೂ ಪೆಟ್ಟಿಗೆಯೂ ಉಳಿದುವು. ಡಬ್ಬದ ಮೇಲ್ಭಾಗವನ್ನು ಕತ್ತರಿಸಿ ಕೀಲಿನ ಮುಚ್ಚಳವನ್ನು ಬೆಸೆದುಕೊಟ್ಟರೆ ಇಲಿ ಕಡಿಯಲಾರದ, ತೇವ ತಟ್ಟದ, ಮತ್ತು — ಇದೇ ಮುಖ್ಯ — ಸಮತಟ್ಟಾದ ತಳವುಳ್ಳ ಒಂದು ಪಾತ್ರೆ ಸಿದ್ಧವಾಗುತ್ತಿತ್ತು. ಪೆಟ್ಟಿಗೆಯ ಹಲಗೆಗಳು ಗೋಡೆಯ ಮೇಲೇರಲು ತಕ್ಕವಾಗಿದ್ದುವು. ಸಾವಿರಾರು ವರ್ಷ ದುಂಡುತಳದ ಮಡಕೆ ಒಲ್ಲದೆ ಇದ್ದ ಹಲಗೆಯನ್ನು ಈ ಚೌಕದ ಡಬ್ಬ ಮೊದಲ ನೋಟಕ್ಕೇ ಒಪ್ಪಿಕೊಂಡಿತು. ಒಂದರ ಮಗ್ಗುಲಿಗೆ ಒಂದನ್ನು ಎಡೆಯಿಲ್ಲದಂತೆ ಜೋಡಿಸಬಹುದಾದ ಅನುಕೂಲವೂ ಅದಕ್ಕಿತ್ತು. ಬಿಸ್ಕತ್ತಿನ ಡಬ್ಬ, 1937ರಿಂದೀಚೆಗೆ ಡಾಲ್ಡಾ ಡಬ್ಬ ಮುಂತಾದುವು ಇದೇ ದಾರಿಯಲ್ಲಿ ಬಂದುವು. ನಾಗೊಂದಿಗೆಯನ್ನು ಅಡುಗೆಮನೆಯ ನಿತ್ಯದ ಉಗ್ರಾಣವನ್ನಾಗಿ ಮಾಡಿದ ಕೀರ್ತಿ ಯಾವ ಶಿಲ್ಪಿಗೂ ಸಲ್ಲದು. ಎಸೆಯಬಹುದಾಗಿದ್ದ ಡಬ್ಬವನ್ನು ಎಸೆಯದೆ ಉಳಿಸಿದ ಗೃಹಿಣಿಯರಿಗೆ ಸಲ್ಲತಕ್ಕದ್ದು.

ಲೋಹದ ಪಾತ್ರೆಗಳ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ನಾಗಮಂಗಲದಂತಹ ಊರುಗಳ ಕಂಚುಗಾರರ ಹಿತ್ತಾಳೆ ತಾಮ್ರದ ಪಾತ್ರೆಗಳು ಹಿಂದಿನಿಂದಲೂ ಉಳ್ಳವರ ಮನೆಯಲ್ಲಿದ್ದುವು. ಮದುವೆಯಲ್ಲಿ ತವರಿನಿಂದ ಬಂದ, ಹೆಸರು ಕೆತ್ತಿಸಿದ ಕೊಳಗ, ತಪ್ಪಲೆ, ಬಿಂದಿಗೆಗಳನ್ನು ಮುಚ್ಚಿಡುವುದಕ್ಕಿಂತ ಎಲ್ಲರಿಗೂ ಕಾಣುವಂತೆ ಮೇಲೆ ಸಾಲಾಗಿ ಇರಿಸುವುದು ಆ ಹೆಣ್ಣುಮಗಳಿಗೆ ಅಭಿಮಾನದ ವಿಷಯವಾಗಿತ್ತು. ಬಾಗಿಲಿಲ್ಲದ ತೆರೆದ ಹಲಗೆಗೆ ಇದೊಂದು ಬಲವಾದ ಕಾರಣ. ಬಡವರ ಮನೆಗೆ ಲೋಹ ಬಂದದ್ದು ಅಲ್ಯುಮಿನಿಯಮಿನ ರೂಪದಲ್ಲಿ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದ ಆಲ್ಫ್ರೆಡ್ ಚಾಟರ್ಟನ್, 1912ರಿಂದ ಕೆಲವು ವರ್ಷ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿಯೂ ಇದ್ದನು. ತಳ ಚಪ್ಪಟೆಯಾದ ಹಗುರ ಪಾತ್ರೆಗಳು ಅಗ್ಗವಾಗಿ ದೊರೆತ ಮೇಲೆ ಸಿಂಬೆಯ ಅಗತ್ಯ ಕ್ಷೀಣಿಸಿತು. ಹೊರದೇಶಗಳಲ್ಲಿಯೂ ಆಗ ಅಡುಗೆಮನೆಯ ವಿಚಾರ ವಿದ್ವಾಂಸರ ಕೈಗೆ ಬಂದಿತ್ತು: 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಮಾರ್ಗರೆಟೆ ಶ್ಯೂಟೆ–ಲಿಹೋಟ್ಸ್ಕಿ ಎಂಬ ಮಹಿಳೆ ರಚಿಸಿದ ಅಡುಗೆಮನೆಯಲ್ಲಿ ಅಕ್ಕಿ, ಸಕ್ಕರೆಗಳಂತಹ ಪದಾರ್ಥಗಳಿಗೆ ಎಳೆದು ತೆಗೆಯುವ ಅಲ್ಯುಮಿನಿಯಮಿನ ಡಬ್ಬಗಳು ಕೈಯಳತೆಯೊಳಗೇ ಇದ್ದುವು. ಅಡುಗೆ ಮಾಡುವವಳ ಹೆಜ್ಜೆಗಳನ್ನೂ ತೋಳಿನ ಅಳತೆಯನ್ನೂ ಲೆಕ್ಕಹಾಕಿ ಗೋಡೆಯನ್ನು ರೂಪಿಸಿದ ಆ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು.

ಮೇಲೇರಿದ ಸಂಗ್ರಹ ಪ್ರಮಾಣದಲ್ಲಿ ಕುಗ್ಗಿತೆಂಬುದನ್ನು ಮರೆಯುವಂತಿಲ್ಲ. ಹಗೇವಿನಷ್ಟು ರಾಗಿಯನ್ನು ಯಾವ ಹಲಗೆಯೂ ಹೊರಲಾರದು. ಹಲಗೆ ಸಾಕೆನಿಸಬೇಕಾದರೆ ಮೊದಲು ಸಂಗ್ರಹದ ಅಗತ್ಯವೇ ತಗ್ಗಬೇಕು. ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಳ್ವಿಕೆಯಲ್ಲಿ 1898ರಲ್ಲಿ ಮಾರಿಕಣಿವೆಯಲ್ಲಿ ಮೊದಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಹಿರಿಯೂರಿನ ಬಯಲಿಗೆ ಕಾಲುವೆಯ ನೀರನ್ನು ಕೊಟ್ಟಿತು. ಆ ಕೆರೆ 1933ರಲ್ಲಿ ಕೋಡಿ ಹರಿದ ಮೇಲೆ ಪುನಃ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ದೀರ್ಘಕಾಲ ಅದು ತುಂಬದೆ ಇದ್ದರೂ ತೆಂಗಿನ ತೋಟಗಳೂ ಸಂತೆಯ ವ್ಯಾಪಾರವೂ ಬೆಳೆದುವು. ಎರಡನೆಯ ಮಹಾಯುದ್ಧದ ಕಾಲದ ಲೆವಿ ಮತ್ತು ಪಡಿತರದ ಕಟ್ಟಳೆಗಳು ಮನೆಯಲ್ಲಿ ವರ್ಷಗಟ್ಟಲೆಯ ಧಾನ್ಯವನ್ನು ಹೂತಿಡುವುದನ್ನು ಕಷ್ಟವಾಗಿಸಿದುವು. ಅನಂತರ ನ್ಯಾಯಬೆಲೆ ಅಂಗಡಿಯ ತಿಂಗಳ ಪಡಿ ರೂಢಿಯಾಯಿತು. ತಿಂಗಳಿಗೆ ಬೇಕಾದದ್ದು ನಾಲ್ಕಾರು ಡಬ್ಬಗಳಲ್ಲಿ ಹಿಡಿಸುತ್ತದೆ. ಹಗೇವುಗಳು ಹಾಳುಬಿದ್ದು ಹಲವೆಡೆ ಮುಚ್ಚಿಹೋದುವು. ವಾಡೆಗಳು ಒಡೆದ ಮೇಲೆ ಹೊಸದನ್ನು ಮಾಡುವವರು ಉಳಿಯಲಿಲ್ಲ.

ಸಿಮೆಂಟು ಬಂದ ಮೇಲೆ ಗೂಟದ ಸ್ಥಾನವನ್ನು ಕಡಪಾ ಕಲ್ಲೂ ಕಾಂಕ್ರೀಟಿನ ಹಾಸೂ ಆಕ್ರಮಿಸಿದುವು, ಡಬ್ಬಗಳು ಸ್ಟೀಲಿನವಾದುವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ಕೇಂದ್ರದವರು ರೂಪಿಸಿದ ಹೊಗೆರಹಿತ ಅಸ್ತ್ರ ಒಲೆ, ತರುವಾಯ ಗ್ಯಾಸು, ಇವುಗಳಿಂದ ಹೆಂಗಸರ ಕಣ್ಣಿಗೆ ಬಿಡುಗಡೆಯಾಯಿತು. ಅದರೊಡನೆಯೇ ಮೇಲಿನ ಹಲಗೆ ಬೀಜವನ್ನು ಕಾಯುವ ತನ್ನ ಹಳೆಯ ಗುಣವನ್ನು ಕಳೆದುಕೊಂಡಿತು. ಈಗ ಅಲ್ಲಿ ಇಟ್ಟ ಕಾಳಿಗೆ ಹುಳು ಬೀಳುತ್ತದೆ. ಒಗ್ಗರಣೆಯ ಜಿಡ್ಡು ಆವಿಯೊಡನೆ ಏರಿ ಡಬ್ಬಗಳಿಗೆ ಅಂಟುತ್ತದೆ. ಒಲೆಯ ನೇರಕ್ಕೆ ಮೇಲೆ ತೆರೆದ ಹಲಗೆಯನ್ನು ಹಾಕುವುದು ಇಂದಿನ ಅಡುಗೆಮನೆಗೆ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟೆಲ್ಲ ಬದಲಾವಣೆಗಳ ನಡುವೆ ಬದಲಾಗದೆ ಉಳಿದದ್ದು ಹಲಗೆಯ ಎತ್ತರ. ಬೀಜದ ತೆನೆಗಳನ್ನೂ ಹಬ್ಬದ ಪಾತ್ರೆಗಳನ್ನೂ ವರ್ಷಕ್ಕೆ ಒಂದೆರಡು ಸಲ ಮಾತ್ರ ಇಳಿಸುತ್ತಿದ್ದ ಕಾಲಕ್ಕೆ ಆ ಎತ್ತರ ಸರಿಯಾಗಿತ್ತು. ಬೇಳೆಯ ಡಬ್ಬ, ಸಕ್ಕರೆಯ ಡಬ್ಬಗಳು ಅಲ್ಲಿಗೆ ಏರಿದ ಮೇಲೆಯೂ ಗೋಡೆ ಕಟ್ಟುವವರು ಹಿಂದಿನ ಅಳತೆಯನ್ನೇ ಹಿಡಿದರು. ಆ ಅಳತೆಯನ್ನು ನಿಶ್ಚಯಿಸಿದವರು ಗಂಡಸರು. ಮಣೆಯ ಮೇಲೆ ಮಣೆಯನ್ನಿಟ್ಟು, ಸ್ಟೂಲನ್ನು ಹತ್ತಿ, ತಲೆಯ ಮೇಲೆ ಕೈಚಾಚಿ ಭಾರವಾದ ಡಬ್ಬವನ್ನು ಇಳಿಸಿದವರು ಹೆಂಗಸರು. ಬಸುರಿಯರೂ ವೃದ್ಧೆಯರೂ ಹಾಗೆ ಏರಿ ಇಳಿದಿದ್ದಾರೆ. ಬಿದ್ದು ಸೊಂಟ ಮುರಿದುಕೊಂಡವರ ಮಾತನ್ನು ಪ್ರತಿಯೊಂದು ಊರಿನಲ್ಲಿಯೂ ಕೇಳಬಹುದು. ಹಿಂದೆ ಗೋಡೆಯೊಡನೆಯೇ ಗೂಟವನ್ನು ಹುದುಗಿಸಬೇಕಾಗಿದ್ದ ಕಾಲದಲ್ಲಿ ಒಮ್ಮೆ ತಪ್ಪಿದ ಅಳತೆಯನ್ನು ಮನೆ ಇರುವವರೆಗೂ ಸಹಿಸಬೇಕಾಗಿತ್ತು. ಇಂದು ಇಟ್ಟಿಗೆಯ ಗೋಡೆಗೆ ಯಂತ್ರದಿಂದ ರಂಧ್ರ ಕೊರೆದು ಕಬ್ಬಿಣದ ಆಧಾರಗಳನ್ನು ಯಾವ ದಿನ ಬೇಕಾದರೂ ಯಾವ ಎತ್ತರದಲ್ಲಿ ಬೇಕಾದರೂ ಕೂರಿಸಬಹುದಾಗಿರುವಾಗ ಆ ಸಹನೆಗೆ ಕಾರಣವೇ ಇಲ್ಲ.

ಆದುದರಿಂದ ಆದಿವಾಲದಲ್ಲಾಗಲಿ ಬೇರೆ ಯಾವ ಊರಿನಲ್ಲಾಗಲಿ ಹೊಸ ಅಡುಗೆಮನೆಗೆ ತೆರೆದ ಹಲಗೆಯನ್ನು ಸೇರಿಸಿಕೊಳ್ಳುವವರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಗೋಡೆಗೆ ಗುರುತು ಹಾಕುವ ಮುನ್ನ ಆ ಮನೆಯಲ್ಲಿ ಅಡುಗೆ ಮಾಡುವವರನ್ನು ಗೋಡೆಯ ಬಳಿ ನಿಲ್ಲಿಸಿ, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಅವರ ಕೈ ಎಲ್ಲಿಗೆ ಮುಟ್ಟುತ್ತದೆಯೋ ನೋಡಿರಿ, ನಿತ್ಯದ ಡಬ್ಬಗಳ ಹಲಗೆಯನ್ನು ಆ ಗೆರೆಗಿಂತ ಕೆಳಗೆ ಕೂರಿಸಿರಿ, ಅದರಿಂದ ಮೇಲಿನದಕ್ಕೆ ಹಬ್ಬದ ಪಾತ್ರೆಗಳನ್ನು ಮಾತ್ರ ಏರಿಸಿರಿ.